ಒಂಬತ್ತನೇ ಮಹಡಿ, ಎರಡನೇ ಹೆಸರು

ಜೂನ್ 3

ಆರ್ಟಿಸ್ಟರಿಗೆ,

ನಾನು ಕ್ಷೇಮ. ಮೂವತ್ತೈದು ವರ್ಷ ಆಸ್ಪತ್ರೆಯ ವಾರ್ಡಿನಲ್ಲಿ ನರ್ಸಾಗಿ ಓಡಾಡಿದ ಈ ಕಾಲುಗಳಿಗೆ ನಿವೃತ್ತಿಯಾಯಿತೆಂದು ಎಷ್ಟು ಹೇಳಿದರೂ ತಿಳಿಯುತ್ತಿಲ್ಲ. ಬೆಳಗ್ಗೆ ಐದಕ್ಕೇ ಎದ್ದು ನಿಲ್ಲುತ್ತವೆ. ನಿಂತ ಮೇಲೆ ಮೊಣಕಾಲು ಮಾತ್ರ ತನ್ನ ವಯಸ್ಸು ಹೇಳುತ್ತದೆ.

ನನ್ನ ವಿಳಾಸ ಬದಲಾಗಿದೆ. ಲಕೋಟೆಯ ಹಿಂದೆ ಬರೆದಿದ್ದೇನೆ, ಕೂತುಕೊಂಡು ಓದಿ. ಹೌದು, ನಮ್ಮ ಹಳೇ ಓಣಿಯೇ. ನಾವು ಪ್ರೆಸ್ಸಿನ ಮಹಡಿಯ ಮೇಲೆ ಎರಡು ಕೋಣೆಯಲ್ಲಿ ಸಂಸಾರ ಹೂಡಿದ್ದೆವಲ್ಲ, ಅದರ ಎದುರಿಗಿದ್ದ ಛತ್ರಿ ಕಾರ್ಖಾನೆ ಈಗಿಲ್ಲ. ಆ ಜಾಗದಲ್ಲಿ ಹದಿನಾಲ್ಕು ಮಹಡಿ ಎದ್ದಿದೆ. ಒಂಬತ್ತನೆಯದರಲ್ಲಿ ನಿಮ್ಮ ಹೆಂಡತಿ ಇದ್ದಾಳೆ. ಕ್ವಾರ್ಟರ್ಸ್ ಖಾಲಿ ಮಾಡಬೇಕಿತ್ತು, ಪತ್ರಿಕೆಯಲ್ಲಿ ಜಾಹೀರಾತು ಕಂಡಿತು, ನೋಡಿ ಬರೋಣವೆಂದು ಹೋದೆ, ಹಿಡಿಸಿತು. ಅಷ್ಟೇ. ಹನ್ನೊಂದು ತಿಂಗಳ ಕರಾರು. ಇಷ್ಟು ವರ್ಷ ದುಡಿದವಳು ಒಂದು ವರ್ಷ ರಾಣಿಯ ಹಾಗೆ ಇದ್ದರೆ ಯಾರಪ್ಪನ ಗಂಟು ಹೋಗುತ್ತದೆ?

ಆದರೆ ರಾಣಿಯಾಗುವುದು ಸುಲಭವಲ್ಲ, ಕೇಳಿ. ಅಡುಗೆಮನೆಯಲ್ಲಿ ಒಲೆ ಎಲ್ಲಿದೆಯೆಂದು ಹುಡುಕಲು ನನಗೆ ಅರ್ಧ ದಿನ ಬೇಕಾಯಿತು. ಕಪ್ಪು ಗಾಜೊಂದಿತ್ತು, ಅದರ ಮೇಲೆ ಹೂದಾನಿ ಇಟ್ಟಿದ್ದೆ. ಅದೇ ಒಲೆಯಂತೆ. ನಲ್ಲಿಗೆ ತಿರುಪು ಇಲ್ಲ, ಕೈಯೊಡ್ಡಿದರೆ ತಾನೇ ಸುರಿಯುತ್ತದೆ, ಬೇಡವೆಂದರೂ ಸುರಿಯುತ್ತದೆ. ಲಿಫ್ಟಿನೊಳಗೆ ಒಬ್ಬಳು ಮಾತಾಡುತ್ತಾಳೆ. ಮೊದಲ ದಿನ "ಬಾಗಿಲು ಮುಚ್ಚುತ್ತಿದೆ" ಎಂದಳು, ನಾನು "ಸರಿಯಮ್ಮ" ಎಂದೆ. ಪಕ್ಕದಲ್ಲಿದ್ದವರು ನನ್ನನ್ನು ಮೇಲೆ ಕೆಳಗೆ ನೋಡಿದರು.

ಓಣಿ ಮಾತ್ರ ನಿಮಗೆ ಗುರುತು ಹತ್ತಲಿಕ್ಕಿಲ್ಲ. ಪ್ರೆಸ್ಸು ಈಗ ಕಾಫಿ ಅಂಗಡಿ. ಅಚ್ಚಿನ ಮೊಳೆ ಜೋಡಿಸುತ್ತಿದ್ದ ಮರದ ಮೇಜುಗಳನ್ನೇ ಉಳಿಸಿಕೊಂಡಿದ್ದಾರೆ, ಅದರ ಮೇಲೆ ಕಪ್ಪಿಡುತ್ತಾರೆ. ಬೀಗ ರಿಪೇರಿಯವರು ಹೋದರು. ಎಲ್ಲೆಲ್ಲಿಂದಲೋ ಜನ ಬಂದು ಹಳೇ ಬಾಗಿಲುಗಳ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಆ ಬಾಗಿಲುಗಳ ಒಳಗಿದ್ದವರು ಎಲ್ಲಿ ಹೋದರೆಂದು ಯಾರೂ ಕೇಳುವುದಿಲ್ಲ.

ನಮ್ಮ ಮನೆಗೆ ಎರಡು ಮಲಗುವ ಕೋಣೆ, ಎರಡು ಜೊತೆ ಬೀಗದ ಕೈ. ಗಾಳಿ ಚೆನ್ನಾಗಿದೆ. ನೀವು ಹೇಗಿದ್ದೀರಿ? ಊಟ ಹೊತ್ತಿಗೆ ಸರಿಯಾಗಿ ಆಗುತ್ತಿದೆಯಾ? ಇಷ್ಟು ವರ್ಷ ಮಾಡಿದ್ದು ಸಾಕು, ಇನ್ನು ಫೋನ್ ಮಾಡುವುದಿಲ್ಲ. ಫೋನಿನಲ್ಲಿ ನಾವಿಬ್ಬರೂ ಮೂರನೇ ಮಾತಿಗೇ ಜಗಳಕ್ಕೆ ಬೀಳುತ್ತೇವೆ. ಕಾಗದವಾದರೆ ಅರ್ಧ ಜಗಳ ಅಂಚೆಯಲ್ಲೇ ಆರಿಹೋಗುತ್ತದೆ.

ಇಂತಿ,
ನಿಮ್ಮ ಸಿಸ್ಟರ್

*

ಜೂನ್ 19

ಸಿಸ್ಟರ್‌ಗೆ,

ಅಕ್ಷರ ನೋಡಿ ಗಾಬರಿಯಾಗಬೇಡ. ಬರೆಯುತ್ತಿರುವವರು ಇಲ್ಲಿನ ಮೆಸ್ಸಿನ ಅಕ್ಕ. ನಾನು ಹೇಳುತ್ತಿದ್ದೇನೆ, ಅವರು ಬರೆಯುತ್ತಿದ್ದಾರೆ. ಬಂದರಿನಲ್ಲಿ ಕೆಲಸ ವಿಪರೀತ. ಸೀಸನ್ನಿಗೆ ಮುಂಚೆ ಎಲ್ಲ ದೋಣಿಗಳಿಗೂ ಹೊಸದಾಗಿ ಹೆಸರು ಬರೆಯಬೇಕು. ಸಂಜೆಯಾಗುವಷ್ಟರಲ್ಲಿ ಬೆರಳಿಗೆಲ್ಲ ಬಣ್ಣ ಮೆತ್ತಿಕೊಂಡು ಪೆನ್ನು ಹಿಡಿದರೆ ಪೆನ್ನೂ ಕೆಡುತ್ತದೆ, ಕಾಗದವೂ ಕೆಡುತ್ತದೆ.

ನೀನು ಅಷ್ಟೆತ್ತರಕ್ಕೆ ಏರಿದ್ದು ಕೇಳಿ ಸಂತೋಷ. ನಿಜವಾಗಿಯೂ. ಜೀವಮಾನವಿಡೀ ಏಣಿ ಹತ್ತಿದವನು ನಾನು, ನಾನೇ ನಾಲ್ಕನೇ ಮಹಡಿಯಿಂದ ಮೇಲೆ ಹೋಗಲಿಲ್ಲ. ಒಂಬತ್ತಕ್ಕೆ ಹೋದವರ ಮನೆಗೆ ನನ್ನಂಥವರು ಯಾವ ಚಪ್ಪಲಿ ಹಾಕಿಕೊಂಡು ಬರಬೇಕೋ ಗೊತ್ತಿಲ್ಲ.

ಒಂದು ಮಾತು ಕೇಳುತ್ತೇನೆ, ತಪ್ಪು ತಿಳಿಯಬೇಡ. ಒಬ್ಬಳಿಗೆ ಎರಡು ಮಲಗುವ ಕೋಣೆ ಯಾಕೆ? "ನಮ್ಮ ಮನೆ" ಎಂದು ಬರೆದಿದ್ದೀಯ. ಜೊತೆಗೆ ಯಾರಾದರೂ ಇದ್ದರೆ ಒಳ್ಳೆಯದೇ. ಒಂಟಿಯಾಗಿರುವ ವಯಸ್ಸಲ್ಲ. ನಾನೇನೂ ಅಂದುಕೊಳ್ಳುವುದಿಲ್ಲ. ಈ ಕೊನೆಯ ಮಾತು ಬರೆಯಬೇಡಿ ಎಂದೆ, ಅಕ್ಕ ಆಗಲೇ ಬರೆದಾಗಿದೆಯಂತೆ.

ಕಾರ್ಖಾನೆ ಕೆಡವಿದ್ದು ಒಳ್ಳೆಯದಾಯಿತು. ಆ ಮುಂದಿನ ಗೋಡೆ ಬಿದ್ದಿದ್ದರೆ ಇನ್ನೂ ಒಳ್ಳೆಯದು. ನನ್ನ ಕೈಯಿಂದಾದ ಕೆಲಸಗಳಲ್ಲೆಲ್ಲ ನಾನು ತಲೆ ತಗ್ಗಿಸುವುದು ಅದೊಂದಕ್ಕೇ.

ಊಟ ಸರಿಯಾಗಿ ಆಗುತ್ತಿದೆ. ಮಾಡಿ ಹಾಕುವವರೇ ಬರೆಯುತ್ತಿರುವಾಗ ಬೇರೇನು ಹೇಳಲಿ?

ಇಂತಿ,
ಆರ್ಟಿಸ್ಟ್

*

ಜುಲೈ 1

ಆರ್ಟಿಸ್ಟರಿಗೆ,

ಮೆಸ್ಸಿನ ಅಕ್ಕನ ಅಕ್ಷರ ಬಹಳ ಚೆನ್ನಾಗಿದೆ. ದುಂಡಗೆ, ಒಂದೇ ಅಳತೆ. ಬಿಡುವಾಗಿ ಕೂತು ಬರೆದ ಹಾಗಿದೆ. ಮೂವತ್ಮೂರು ವರ್ಷದ ಸಂಸಾರದಲ್ಲಿ ನನಗೆ ನಿಮ್ಮ ಕೈಬರಹ ಬಿಟ್ಟು ಬೇರೆಯವರದ್ದರಲ್ಲಿ ನಿಮ್ಮ ಮಾತು ಬಂದದ್ದು ಇದೇ ಮೊದಲು. ಅಂಗಡಿ ಸಾಮಾನಿನ ಚೀಟಿಯನ್ನೂ ನೀವು ಬೋರ್ಡು ಬರೆದ ಹಾಗೆ ಬರೆಯುತ್ತಿದ್ದಿರಿ. "ಸಾಬೂನು" ಎಂಬ ಪದಕ್ಕೆ ನೆರಳು ಹಾಕಿದ ಗಂಡಸನ್ನು ನಾನು ಇನ್ನೊಬ್ಬರನ್ನು ಕಂಡಿಲ್ಲ. ಬೆರಳಿಗೆ ಬಣ್ಣ ಮೆತ್ತಿದರೆ ಸೀಮೆಎಣ್ಣೆ ಇಲ್ಲವೇ ಆ ಊರಿನಲ್ಲಿ?

ಇರಲಿ. ನಿಮ್ಮ ಗೋಡೆ ಬಿದ್ದಿಲ್ಲ. ಹೋದ ಕಾಗದದಲ್ಲಿ ಬೇಕೆಂದೇ ಹೇಳಲಿಲ್ಲ. ಇಡೀ ಕಾರ್ಖಾನೆ ಕೆಡವಿ ಅದೊಂದನ್ನು ಉಳಿಸಿಕೊಂಡು, ಅದರ ಸುತ್ತ ಈ ಕಟ್ಟಡ ಎಬ್ಬಿಸಿದ್ದಾರೆ. ಈಗ ಅದು ಕೆಳಗಿನ ಲಾಬಿಯಲ್ಲಿದೆ. ಮುಂದೆ ಗಾಜು, ಮೇಲಿನಿಂದ ಹಳದಿ ದೀಪ. "ಮಳೆ ಬರಲಿ ಬಿಡಿ, ನಮ್ಮ ಛತ್ರಿ ಇದೆ." ನೀವು ಬರೆದದ್ದು ಬರೆದ ಹಾಗೇ ಇದೆ. "ಮಳೆ" ಒಂದಾಳೆತ್ತರ, ಕೊನೆಯ "ಇದೆ" ಮಾತ್ರ ಬಸ್ಸಿನ ಹಿಂದಿನ ಸೀಟಿನಲ್ಲಿ ಆರನೆಯವರು ಕೂತ ಹಾಗೆ ಮೂಲೆಗೆ ಒತ್ತಿಕೊಂಡಿದೆ.

ಇನ್ನು ತಾಮ್ರದ ಫಲಕದ ಕಥೆ. "ಸುಮಾರು ನೂರು ವರ್ಷ ಹಳೆಯದು, ಅಜ್ಞಾತ ಕಲಾವಿದ" ಎಂದು ಕೆತ್ತಿಸಿದ್ದಾರೆ. ಮ್ಯಾನೇಜರ್ ಮನೆ ನೋಡಲು ಬಂದವರಿಗೆಲ್ಲ ವಿವರಿಸುತ್ತಾರೆ: "ನೋಡಿ ಸರ್, ಅಕ್ಷರ ಹೋಗ್ತಾ ಹೋಗ್ತಾ ಚಿಕ್ಕದಾಗುತ್ತೆ. ದೂರ ಹೋಗೋ ಮಳೆಯನ್ನ ಆ ಕಾಲದವರು ಹಾಗೆ ತೋರಿಸ್ತಿದ್ರು." ನನಗೆ ನಗು ತಡೆಯಲಾಗಲಿಲ್ಲ. ಆ ಅಜ್ಞಾತ ಕಲಾವಿದರ ಬನಿಯನ್ ಒಗೆದವಳು ನಾನಪ್ಪಾ ಎನ್ನಬೇಕೆನಿಸಿತು. ನೀವು ಸುಣ್ಣದ ದಾರ ಹಿಡಿದು ಜಾಗ ಪಾಲು ಮಾಡಿಕೊಳ್ಳದೆ ಶುರುಮಾಡಿದ್ದು ಯಾಕೆಂದು ಈ ಭೂಮಿಯ ಮೇಲೆ ಇಬ್ಬರಿಗೇ ಗೊತ್ತು. ಅವತ್ತು ಡ್ಯೂಟಿ ಮುಗಿಸಿ ಬಂದು ಅಟ್ಟಣಿಗೆಯ ಕೆಳಗೆ ನಿಂತಿದ್ದವಳು ನಾನು. ಸುಮ್ಮನೆ ನೆರಳಿಗೆ ನಿಂತಿದ್ದೆ. ನೀವು ನೋಡುತ್ತಿದ್ದಿರಿ.

ಈಗ ಕೆಲಸದ ಮಾತು. ಎರಡನೇ ಕೋಣೆ ಯಾಕೆಂದು ಕೇಳಿದಿರಿ. ಇದರ ಜೊತೆ ಕರಾರುಪತ್ರ ಇಟ್ಟಿದ್ದೇನೆ. ಮೊದಲ ಹೆಸರು ನನ್ನದು. ಎರಡನೆಯದು ನಿಮ್ಮದು. ಅದರ ಎದುರು ಪೆನ್ಸಿಲ್ಲಿನಿಂದ ಗುರುತು ಹಾಕಿದ್ದೇನೆ, ಅಲ್ಲೊಂದು ಸಹಿ ಸಾಕು. ಅರ್ಜಿಯಲ್ಲಿ ಇಬ್ಬರೆಂದು ಬರೆದಿದ್ದೆ. ಮ್ಯಾನೇಜರ್ ಹೇಳುತ್ತಾರೆ, "ಮೇಡಂ, ಸೆಪ್ಟೆಂಬರ್ ಮೂವತ್ತರೊಳಗೆ ನಿಮ್ಮ ಯಜಮಾನರ ಸಹಿ ಬರ್ಲೇಬೇಕು. ಇಲ್ಲಾಂದ್ರೆ ಈ ಮನೆ ಬೇರೆ ಫ್ಯಾಮಿಲಿಗೆ ಕೊಡ್ತೀವಿ, ನಿಮಗೆ ಹಿಂದುಗಡೆ ಒಂದು ಕೋಣೆಯದು ಇದೆ." ಹಿಂದುಗಡೆಯಿಂದ ಕಾಣುವುದು ನೀರಿನ ಟ್ಯಾಂಕು.

ಬಂದಿರಲೇಬೇಕೆಂದು ಹೇಳುತ್ತಿಲ್ಲ. ಕಾಗದಕ್ಕೆ ಬೇಕು, ಅಷ್ಟೇ.

ಇಂತಿ,
ಸಿಸ್ಟರ್

*

ಜುಲೈ 22

ಸಿಸ್ಟರ್‌ಗೆ,

ಕರಾರುಪತ್ರ ವಾಪಸ್ ಕಳಿಸಿದ್ದೇನೆ. ಸಹಿ ಹಾಕಿಲ್ಲ. ನನಗೆ ಅಂಥ ಮನೆ ಒಗ್ಗುವುದಿಲ್ಲ. ಮಾತಾಡುವ ಲಿಫ್ಟು, ಗಾಜಿನ ಒಲೆ, ಇವೆಲ್ಲ ನನ್ನ ಜಾಯಮಾನವಲ್ಲ. ಇರದವನ ಹೆಸರು ಕಾಗದದಲ್ಲಿ ಮಾತ್ರ ಯಾಕೆ? ಹೆಸರು ತೆಗೆಸಿಬಿಡು.

ಎರಡನೇ ಹೆಸರು ನನ್ನದೇ ಎಂದು ಇನ್ನೊಂದು ಸಲ ಓದಿ ಖಾತ್ರಿ ಮಾಡಿಕೊಂಡೆ. ಬೇರೆ ಏನೋ ಅಂದುಕೊಂಡಿದ್ದೆ. ಅದು ಹೋಗಲಿ.

ಆ ಗೋಡೆಗೆ ಗಾಜು ಹಾಕಿಸಿದವರಿಗೆ ಬುದ್ಧಿ ಇಲ್ಲ. ಸುಣ್ಣ ಬಳಿಸಲು ಹೇಳು. ಮಾಡಿದ ತಪ್ಪಿಗೆ ದೀಪ ಬೇರೆ ಬಿಡಬೇಕೆ?

ಸಂಜೆ ಇಲ್ಲಿ ಗಾಳಿ ಜೋರು. ಕೆಲಸ ಚೆನ್ನಾಗಿ ನಡೆಯುತ್ತಿದೆ. ನಿನ್ನ ಮೊಣಕಾಲಿಗೆ ಬಿಸಿನೀರಿನ ಶಾಖ ಕೊಡು.

ಇಂತಿ,
ಆರ್ಟಿಸ್ಟ್

*

ಆಗಸ್ಟ್ 5

ಆರ್ಟಿಸ್ಟರಿಗೆ,

ಬರೆಯಬಾರದೆಂದು ಹತ್ತು ದಿನ ಹಲ್ಲು ಕಚ್ಚಿ ಕೂತೆ. ಆಗಲಿಲ್ಲ.

ಪೆನ್ಸಿಲ್ ಗುರುತಿನ ಎದುರು ಜಾಗ ಖಾಲಿಯೇ ಇತ್ತು. ಒಂದು ಸಹಿ ರೀ! ಲಾರಿಗೆ, ಡಬ್ಬಕ್ಕೆ, ಊರಿನವರ ನಾಯಿಗೂಡಿಗೂ ಹೆಸರು ಬರೆದುಕೊಟ್ಟ ಮನುಷ್ಯರಿಗೆ ಹೆಂಡತಿಯ ಹೆಸರಿನ ಕೆಳಗೆ ತಮ್ಮ ಹೆಸರು ಬರೆಯುವುದು ಭಾರವಾಯಿತೆ? ಆರು ತಿಂಗಳೆಂದು ಹೋದವರು ಒಂಬತ್ತು ವರ್ಷ ಮಾಡಿದಿರಿ. ವರ್ಷಕ್ಕೊಮ್ಮೆಯಾದರೂ ಬರುತ್ತಿದ್ದಿರಿ, ಮೂರು ವರ್ಷದಿಂದ ಅದೂ ಇಲ್ಲ. ಈಗ ಅಕ್ಷರವೂ ಬೇರೆಯವರದ್ದು. ಆ ಮೆಸ್ಸಿನ ಅಕ್ಕ ನಿಮಗೆ ಕಾಗದ ಮಾತ್ರ ಬರೆದುಕೊಡುತ್ತಾರೋ, ಮನಸ್ಸನ್ನೂ ಅವರೇ ಬರೆದುಕೊಡುತ್ತಾರೋ? ಅಕ್ಕಾ, ನೀವು ಇದನ್ನು ಓದುತ್ತಿದ್ದರೆ ಓದಿ. ನನಗೇನೂ ಮುಚ್ಚುಮರೆ ಇಲ್ಲ.

ನೀವು ಹೋದದ್ದು ಯಾಕೆಂದು ನನಗೆ ಗೊತ್ತು. ಫ್ಲೆಕ್ಸ್ ಬಂದು ಗೋಡೆ ಕೆಲಸವೆಲ್ಲ ನಿಂತುಹೋದ ಆ ವರ್ಷ, ನೀವು ದಿನವಿಡೀ ಬ್ರಷ್ ತೊಳೆದು ತೊಳೆದು ಒಣಗಿಸುತ್ತಿದ್ದಿರಿ. ಒಂದು ದಿನ ನಾನು, "ನನ್ನ ಸಂಬಳದಲ್ಲಿ ಇಬ್ರೂ ಆರಾಮಾಗಿ ಉಣ್ಬಹುದು, ಆ ಬ್ರಷ್‌ಗಳನ್ನ ಅಟ್ಟಕ್ಕೆ ಹಾಕಿ ರೀ" ಎಂದುಬಿಟ್ಟೆ. ಡಬಲ್ ಡ್ಯೂಟಿ ಮುಗಿಸಿ ಬಂದಿದ್ದೆ, ಸುಸ್ತಾಗಿತ್ತು. ನಿಮ್ಮ ಮುಖ ಆಗ ಹೇಗಾಯಿತೆಂದು ನೋಡಿದೆ, ನೋಡಿಯೂ ಸುಮ್ಮನಾದೆ. ಮಾರನೇ ವಾರ ನೀವು ಬಂದರಿನ ಊರಿಗೆ ಹೊರಟಿರಿ, ಅಲ್ಲಿ ದೋಣಿಗೆ ಇನ್ನೂ ಕೈಯಲ್ಲೇ ಹೆಸರು ಬರೆಯುತ್ತಾರೆಂದು. ಆ ಮಾತು ಆಡಬಾರದಿತ್ತು. ಒಂಬತ್ತು ವರ್ಷದಿಂದ ಈ ಸಾಲು ಬರೆಯಲು ಕೂತು ಎದ್ದಿದ್ದೇನೆ. ಈಗ ಬರೆದೆ. ಹೊಟ್ಟೆಗೆ ಹಾಕಿಕೊಳ್ಳಿ.

ಇಷ್ಟಾದ ಮೇಲೂ ಬೇಡವೆಂದರೆ ಬೇಡ. ಸೆಪ್ಟೆಂಬರ್ ಮೂವತ್ತಕ್ಕೆ ಮನೆ ಬಿಟ್ಟುಕೊಡುತ್ತೇನೆ. ಟ್ಯಾಂಕು ನೋಡಿಕೊಂಡು ಇರುತ್ತೇನೆ.

ಸಿಸ್ಟರ್

*

ಆಗಸ್ಟ್ 16

ಸಿಸ್ಟರ್ ಅವರಿಗೆ, ಮೆಸ್ಸಿನ ಅಕ್ಕ ಮಾಡುವ ನಮಸ್ಕಾರ.

ಇದು ಅವರು ಹೇಳಿ ಬರೆಸಿದ್ದಲ್ಲ. ಅವರಿಗೆ ಗೊತ್ತಾದರೆ ನನ್ನ ಮೆಸ್ಸಿಗೆ ಬರುವುದನ್ನೇ ಬಿಟ್ಟಾರು. ಬಿಟ್ಟರೆ ಬಿಡಲಿ, ಎಲ್ಲಿ ಹೋಗಿ ಉಣ್ಣುತ್ತಾರೆ ನೋಡೋಣ.

ನಿಮ್ಮ ಕಾಗದ ಅವರೇ ಓದಿಕೊಳ್ಳುತ್ತಾರೆ, ನಾನು ಮುಟ್ಟುವುದಿಲ್ಲ. ಈ ಸಲದ್ದು ಮಾತ್ರ ಓದಿ ಮುಗಿಸಿ ಮೇಜಿನ ಮೇಲೇ ಬಿಟ್ಟು, ತಟ್ಟೆಯಲ್ಲಿ ಕೈ ತೊಳೆದು ಎದ್ದು ಹೋದರು. ನನ್ನ ಹೆಸರು ಕಂಡಿತು, ಓದಿಬಿಟ್ಟೆ. ಮೊದಲನೆಯ ಸಂಗತಿ: ನನಗೆ ಗಂಡನಿದ್ದಾನೆ. ಈಗ ನನ್ನ ಎದುರಿಗೇ ಕೂತು ಈರುಳ್ಳಿ ಹೆಚ್ಚುತ್ತಿದ್ದಾನೆ, ಅದನ್ನೂ ಸರಿಯಾಗಿ ಹೆಚ್ಚುತ್ತಿಲ್ಲ. ಅವನೊಬ್ಬನನ್ನು ಸಂಭಾಳಿಸುವುದರಲ್ಲೇ ನನ್ನ ಆಯಸ್ಸು ಸವೆದಿದೆ, ಇನ್ನೊಬ್ಬರನ್ನು ಕಟ್ಟಿಕೊಂಡು ನಾನೇನು ಮಾಡಲಿ?

ಎರಡನೆಯದು. ನಿಮ್ಮ ಯಜಮಾನರ ಕೈ ನಡುಗುತ್ತದೆ. ಮೂರು ವರ್ಷವಾಯಿತು. ಬಲಗೈ. ಮೊದಲು ಹೆಬ್ಬೆರಳು, ಈಗ ಮುಂಗೈಯೆಲ್ಲ. ದೋಣಿಗೆ ಹೆಸರು ಬರೆಯುವುದು ಎರಡು ವರ್ಷದ ಹಿಂದೆಯೇ ನಿಂತಿತು. ಈಗ ದೋಣಿ ಕಟ್ಟುವ ಯಾರ್ಡಿನಲ್ಲಿ ಬಣ್ಣ ಕಲಸಿಕೊಡುತ್ತಾರೆ, ಬರೆಯುವುದು ಬೇರೆಯವರು. ಬಣ್ಣದ ವಿಷಯದಲ್ಲಿ ಅವರ ಕಣ್ಣಿಗೆ ಇನ್ನೂ ಎಲ್ಲರೂ ತಲೆಬಾಗುತ್ತಾರೆ, ಅದನ್ನೂ ಹೇಳಬೇಕು.

ನಾನು ಎಷ್ಟೋ ಸಲ ಕೇಳಿದೆ, "ಆರ್ಟಿಸ್ಟ್ರೇ, ನಿಮ್ಮ ಮನೆಯವ್ರು ನರ್ಸು ಅಂತೀರಿ, ಅವ್ರಿಗೆ ಹೇಳ್ಬಾರ್ದಾ?" ಅದಕ್ಕೆ ಅವರು, "ಅವಳಿಗೆ ಒಂದು ಸಾಲು ನನ್ನ ಕೈಯಲ್ಲಿ ಬರೆದು ಕಳಿಸಿದ್ರೆ ಸಾಕಕ್ಕಾ, ಲಕೋಟೆ ಬಿಚ್ಚಿದ ಕೂಡ್ಲೇ ಕಾಯಿಲೆ ಕಂಡುಹಿಡೀತಾಳೆ. ಅದಕ್ಕೇ ನಿಮ್ಮ ಕೈಯಲ್ಲಿ ಬರೆಸ್ತಿರೋದು" ಎಂದರು. ಎಂಥ ಬುದ್ಧಿವಂತರು ನೋಡಿ! ಹೆಂಡತಿಗೆ ಕಾಯಿಲೆ ತಿಳಿಯಬಾರದೆಂದು ಹೆಂಗಸಿನ ಅಕ್ಷರದಲ್ಲಿ ಕಾಗದ ಕಳಿಸುತ್ತಾರೆ. ಅದರಿಂದ ಏನಾದೀತೆಂದು ಆ ತಲೆಗೆ ಹೊಳೆಯಲೇ ಇಲ್ಲ. ನನಗಾದರೂ ಹೊಳೆಯಬೇಕಿತ್ತು.

ಮೂರನೆಯದು. ನಿಮ್ಮ ಕರಾರುಪತ್ರ ಬಂದ ಮೇಲೆ ನಾಲ್ಕು ಸಂಜೆ ನನ್ನ ಮೆಸ್ಸಿನ ಮೂಲೆ ಮೇಜಿನಲ್ಲಿ ಕೂತು ಸಹಿ ಹಾಕಿ ಹಾಕಿ ನೋಡಿದರು. ನನ್ನ ಹಳೇ ಕ್ಯಾಲೆಂಡರಿನ ಹಾಳೆಗಳೆಲ್ಲ ತುಂಬಿದವು. ಐದನೇ ದಿನ "ಇದನ್ನ ಅವಳ ಹೆಸರಿನ ಪಕ್ಕ ಇಡೋಕಾಗಲ್ಲ" ಎಂದು ಹೇಳಿ, ಹಾಗೇ ಮಡಚಿ ಲಕೋಟೆಗೆ ಹಾಕಿದರು. ಒಂದು ಹಾಳೆ ನಾನು ಎತ್ತಿಟ್ಟುಕೊಂಡಿದ್ದೆ. ಇದರ ಜೊತೆ ಇಟ್ಟಿದ್ದೇನೆ. ನೀವು ನೋಡಬೇಕಾದವರು.

ತಪ್ಪಾಗಿದ್ದರೆ ಕ್ಷಮಿಸಿ.

*

ಆಗಸ್ಟ್ 24

ರೀ,

ಹಾಳೆ ಬಂತು. ಅಕ್ಕನ ಮೇಲೆ ರೇಗಬೇಡಿ. ರೇಗುವುದಿದ್ದರೆ ನನ್ನ ಮೇಲೆ ರೇಗಿ, ಅವರ ಮೇಲೆ ಇಲ್ಲದ್ದನ್ನೆಲ್ಲ ಊಹಿಸಿಕೊಂಡವಳು ನಾನು. ಅವರ ಕಾಲಿಗೆ ಬೀಳುತ್ತೇನೆಂದು ಹೇಳಿ.

ಕಿಟಕಿಯ ಹತ್ತಿರ ಹಿಡಿದು ನೋಡಿದೆ. ಇಪ್ಪತ್ತೆರಡು ಸಹಿ ಇದೆ. ಮೊದಲ ಅಕ್ಷರ ದೊಡ್ಡದು, ಹೋಗುತ್ತಾ ಹೋಗುತ್ತಾ ಸಣ್ಣದಾಗಿ, ಕೊನೆಯದು ಇರುವೆ ಗಾತ್ರ. ನೀವು ಹೆದರಿದ್ದು ಸರಿ, ನೋಡಿದ ಕೂಡಲೇ ತಿಳಿಯಿತು. ಇಂಥ ಬರಹ ವಾರ್ಡಿನಲ್ಲಿ ಎಷ್ಟೋ ಜನರದ್ದು ನೋಡಿದ್ದೇನೆ. ಇದಕ್ಕೆ ಹೆಸರಿದೆ, ಡಾಕ್ಟರಿದ್ದಾರೆ, ಮಾತ್ರೆ ಇದೆ. ಪೂರ್ತಿ ಹೋಗುತ್ತದೆಂದು ಸುಳ್ಳು ಹೇಳುವುದಿಲ್ಲ. ಹತೋಟಿಗೆ ಬರುತ್ತದೆ. ಮೂರು ವರ್ಷ ಸುಮ್ಮನೆ ಕಳೆದಿರಲ್ಲ, ಅದಕ್ಕೆ ನನಗೆ ಸಿಟ್ಟಿದೆ. ಆ ಸಿಟ್ಟನ್ನು ಎದುರಿಗೆ ಬಂದಾಗ ತೀರಿಸುತ್ತೇನೆ.

ನರ್ಸಿನ ಮಾತು ಅಲ್ಲಿಗೆ ಮುಗಿಯಿತು. ಆಮೇಲೆ ಹಾಳೆಯನ್ನು ಮಡಿಲಲ್ಲಿಟ್ಟುಕೊಂಡು ಅತ್ತೆ. ಚೆನ್ನಾಗಿ ಅತ್ತೆ. ಇಪ್ಪತ್ತೆರಡು ಸಲ ನನ್ನ ಹೆಸರಿನ ಪಕ್ಕ ಬರಲು ನೋಡಿದ್ದೀರಿ, ನಾನಿಲ್ಲಿ ನಿಮಗೆ ನಾನು ಬೇಡವಾದೆ ಎಂದುಕೊಂಡು ಕೂತಿದ್ದೆ. ಅಕ್ಷರ ಕುಗ್ಗಿದ್ದಕ್ಕೆ ನಾಚಿಕೆಯೇ? ಮೊದಲ ಸಲ ಅವು ಕುಗ್ಗಿದ್ದು ನನ್ನಿಂದ, ಅದನ್ನು ನೋಡಿಯೇ ನಾನು ನಿಮ್ಮನ್ನು ಒಪ್ಪಿದ್ದು.

ಮ್ಯಾನೇಜರನ್ನು ಕೇಳಿದೆ. "ಸಹಿ ಆಗದಿದ್ರೆ ಹೆಬ್ಬೆಟ್ಟು ಒತ್ತಿಸಿ ಮೇಡಂ, ನಡೆಯುತ್ತೆ" ಎಂದರು. ನಾನು ನಿಮ್ಮನ್ನು ಹೆಬ್ಬೆಟ್ಟು ಕೇಳುವುದಿಲ್ಲ. ಪ್ರಾಣ ಹೋದರೂ ಕೇಳುವುದಿಲ್ಲ. ನೀವೇ ಬನ್ನಿ.

ನಿಮ್ಮವಳು

*

ಸೆಪ್ಟೆಂಬರ್ 9

ಸಿಸ್ಟರ್,

ಅಕ್ಕನ ಹತ್ತಿರ ಎರಡು ದಿನ ಮಾತು ಬಿಟ್ಟಿದ್ದೆ. ಮೂರನೇ ದಿನ ಹಸಿವಾಯಿತು. ಈಗಲೂ ಅವರೇ ಬರೆಯುತ್ತಿದ್ದಾರೆ. ಇನ್ನು ಮುಚ್ಚಿಡುವುದು ಏನೂ ಇಲ್ಲವಲ್ಲ.

ನಿನ್ನ ಕಾಗದ ಜೇಬಿನಲ್ಲೇ ಇದೆ. ಮಡಿಕೆ ಹರಿಯುವಷ್ಟು ಸಲ ಓದಿದ್ದೇನೆ. ಆದರೂ ನಾನು ಬರುವುದಿಲ್ಲ. ಯಾಕೆಂದು ಕೇಳು. ನಾನು ಹೊರಟಾಗ ಮನಸ್ಸಿನಲ್ಲಿ ಒಂದು ಛಲವಿತ್ತು. ಬ್ರಷ್ ಹಿಡಿದೇ ದುಡಿದು, ತಲೆ ಎತ್ತಿಕೊಂಡು ಒಂದು ದಿನ ಬಂದು ನಿನ್ನೆದುರು ನಿಲ್ಲುತ್ತೇನೆಂದು. ಅದಕ್ಕೇ ಆರು ತಿಂಗಳು ವರ್ಷವಾಯಿತು, ವರ್ಷ ಒಂಬತ್ತಾಯಿತು. ಇವತ್ತು ತಲೆ ಎತ್ತುವುದು ಹಾಗಿರಲಿ, ಟೀ ಕಪ್ಪು ಎತ್ತಲು ಎರಡು ಕೈ ಬೇಕು. ನಿನ್ನ ಬೆಳ್ಳಗಿನ ನೆಲದ ಮೇಲೆ ಟೀ ಚೆಲ್ಲಿಕೊಂಡು ಕೂರಲು ಬರಲೇ? ಮೂವತ್ತೈದು ವರ್ಷ ಊರಿನವರ ರೋಗಿಗಳನ್ನು ನೋಡಿದ್ದೀಯ. ನಿವೃತ್ತಿಯಾಗಿ ನಾಲ್ಕು ತಿಂಗಳಿಲ್ಲ, ಮನೆಯಲ್ಲೇ ಒಂದು ಹಾಸಿಗೆ ಹಾಕಿಸಿಕೊಳ್ಳುತ್ತೀಯಾ?

ನಿನ್ನನ್ನು ನೋಡಬೇಕೆನಿಸುವುದಿಲ್ಲ ಎಂದುಕೊಳ್ಳಬೇಡ. ದಿನಾ ಅನಿಸುತ್ತದೆ. ಬಿಳಿಗೆ ಚೂರೇ ಚೂರು ನೀಲಿ ಸೇರಿಸಿದರೆ ನಿನ್ನ ಯೂನಿಫಾರ್ಮಿನ ಬಣ್ಣ ಬರುತ್ತದೆ. ವಾರಕ್ಕೊಂದು ಡಬ್ಬ ಯಾರೂ ಕೇಳದಿದ್ದರೂ ಕಲಸುತ್ತೇನೆ. ಯಾರ್ಡಿನವರು ಬೈಯುತ್ತಾರೆ, ಎಷ್ಟು ದೋಣಿಗೆ ಅದೇ ಬಣ್ಣ ಹೊಡೆಯುವುದೆಂದು.

ಆ ಮನೆ ಬಿಟ್ಟುಬಿಡು. ನನಗಾಗಿ ಕಾಯಬೇಡ.

ಆರ್ಟಿಸ್ಟ್

*

ಸೆಪ್ಟೆಂಬರ್ 18

ರೀ,

ಬೇಡಿಕೊಳ್ಳುವ ಕಾಗದ ಇದಲ್ಲ. ಇದೇ ಕೊನೆಯದು. ಒಂದು ಸುಳ್ಳು ಹೇಳಿದ್ದೆ, ಅದನ್ನು ಸರಿಪಡಿಸಬೇಕು.

ಪತ್ರಿಕೆಯಲ್ಲಿ ಜಾಹೀರಾತು ನೋಡಿ ಬಂದೆ ಎಂದಿದ್ದೆನಲ್ಲ, ಜಾಹೀರಾತೂ ಇಲ್ಲ, ಏನೂ ಇಲ್ಲ. ನಿವೃತ್ತಿಯ ದಿನ ಹಾರ ಹಾಕಿ ಕಳಿಸಿದರು. ಆ ಹಾರ ಹಿಡಿದುಕೊಂಡು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ನಮ್ಮ ಓಣಿಗೆ ನಡೆದೆ. ಗಾಜಿನ ಬಾಗಿಲಿನಾಚೆ ನಿಮ್ಮ ಅಕ್ಷರ ಕಂಡಿತು. ಒಳಗೆ ಹೋಗಿ ನಿಂತುಕೊಂಡೆ. ಎಷ್ಟು ಹೊತ್ತೋ ಗೊತ್ತಿಲ್ಲ. ಮ್ಯಾನೇಜರ್ ಬಂದು, "ಮನೆ ನೋಡೋಕೆ ಬಂದ್ರಾ ಮೇಡಂ?" ಎಂದರು. ಹೌದು ಎಂದೆ. ಇಲ್ಲವೆಂದರೆ ಹೊರಗೆ ಹೋಗಬೇಕಾಗುತ್ತಿತ್ತು. "ಎಷ್ಟು ಜನ ಇರ್ತೀರಿ?" ಎಂದರು. ಇಬ್ಬರು ಎಂದೆ. ಬಾಯಿಂದ ತಾನಾಗಿಯೇ ಬಂತು. ಸಹಿಯೂ ಹಾಕಿದೆ. ಅಷ್ಟೇ ನಡೆದದ್ದು. ನನಗೆ ಬೇಕಾಗಿದ್ದದ್ದು ಒಲೆಯೂ ಅಲ್ಲ, ಲಿಫ್ಟೂ ಅಲ್ಲ. ದಿನಾ ಬೆಳಗ್ಗೆ ಹಾಲು ತರುವ ನೆಪದಲ್ಲಿ ಕೆಳಗಿಳಿಯುತ್ತೇನೆ. ಹಾಲು ಮನೆಬಾಗಿಲಿಗೇ ಬರುತ್ತದೆ.

ರೋಗಿ ಬೇಕೆಂದು ಕರೆಯುತ್ತಿದ್ದೇನೆಂದುಕೊಂಡಿರಲ್ಲ, ಅದು ನನಗೆ ಬಹಳ ನೋವಾಯಿತು. ರೋಗಿಗಳು ನನಗೆ ಸಾಕಪ್ಪಾ ಸಾಕು. ನನಗೆ ಬೇಕಾಗಿರುವುದು ಮಂಚ ಯಾವ ದಿಕ್ಕಿಗಿಡಬೇಕೆಂದು ವಾದ ಮಾಡುವವರು. ಈ ಮನೆಯಲ್ಲಿ ಗೋಡೆಗಳಿಗೆಲ್ಲ ಒಂದೇ ಬೂದಿ ಬಣ್ಣ. "ಇದೇನು ಬಣ್ಣವೇ, ಒರೆಸಿದ ನೆಲ!" ಎಂದು ಮೂಗು ಮುರಿಯುವವರು ಬೇಕು. ನಾಲ್ಕು ತಿಂಗಳಿಂದ ಈ ಮನೆಯಲ್ಲಿ ನಾನು ಹೇಳಿದ್ದಕ್ಕೆ ಯಾರೂ ಎದುರು ಮಾತಾಡಿಲ್ಲ. ಅದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ.

ತಲೆ ಎತ್ತಿಕೊಂಡು ಬರಬೇಕಿತ್ತು ಎಂದಿರಿ. ನನ್ನ ಮುಂದೆ ಎತ್ತುವುದೇನು, ತಗ್ಗಿಸುವುದೇನು? ನಿಮಗೆ ಜ್ವರ ಬಂದಾಗ ತಲೆ ಹಿಡಿದವಳು ನಾನು. ನನ್ನ ತಾಯಿ ಹೋದ ದಿನ ನನ್ನ ತಲೆ ಇದ್ದದ್ದು ನಿಮ್ಮ ಹೆಗಲ ಮೇಲೆ. ಟೀ ಚೆಲ್ಲಿದರೆ ಒರೆಸೋಣ. ಅಷ್ಟಕ್ಕೂ ನೆಲ ಬೆಳ್ಳಗಿಲ್ಲ, ಕಂದು.

ಮೂವತ್ತನೇ ತಾರೀಖು ಮಧ್ಯಾಹ್ನ ಮೂರಕ್ಕೆ ಮ್ಯಾನೇಜರ್ ಬಂದು ಬೀಗದ ಕೈ ತೆಗೆದುಕೊಳ್ಳುತ್ತಾರೆ. ನನ್ನ ಸಾಮಾನು ಹೆಚ್ಚೇನಿಲ್ಲ, ಕಟ್ಟಿಟ್ಟಿದ್ದೇನೆ. ನಾನು ನಿಮ್ಮನ್ನು ಬಿಡುತ್ತಿಲ್ಲ, ಮನೆ ಬಿಡುತ್ತಿದ್ದೇನೆ ಅಷ್ಟೇ. ಆದರೆ ಇನ್ನು ಕಾಗದ ಬರೆಯಲು ನನ್ನಿಂದಾಗದು. ಬರೆದಷ್ಟೂ ನೀವು ದೂರವಿದ್ದೀರಿ ಎಂಬುದೇ ಹೆಚ್ಚಾಗಿ ತಿಳಿಯುತ್ತದೆ.

ನಿಮ್ಮವಳು

*

ಸೆಪ್ಟೆಂಬರ್ 30, ಮಧ್ಯಾಹ್ನ ಎರಡೂ ಹತ್ತು
ಕೆಳಗಿನ ಲಾಬಿಯಿಂದ

ಸಿಸ್ಟರ್,

ಇದು ನನ್ನದೇ ಕೈ. ಓದಲು ಕಷ್ಟವಾದರೆ ಕನ್ನಡಕ ಹಾಕಿಕೋ. ಗುಡಿಸುವವರು ಮೇಲೆ ಬರುತ್ತಿದ್ದರು, ಅವರ ಕೈಯಲ್ಲಿ ಕೊಡುತ್ತಿದ್ದೇನೆ. ಫೋನ್ ಮಾಡಲೇ ಎಂದು ಗೇಟಿನವರು ಕೇಳಿದರು, ಬೇಡ ಎಂದೆ. ಮೂರನೇ ಮಾತಿಗೆ ಜಗಳವಾದರೆ ನಾನು ವಾಪಸ್ ಹೋಗಿಬಿಟ್ಟೇನು.

ಅಕ್ಕ ಬಸ್ಸು ಹತ್ತಿಸಿದರು. "ಇನ್ನು ನಾನು ಬರೆದುಕೊಡಲ್ಲ, ಹೋಗಿ ನೀವೇ ಹೇಳ್ಕೊಳ್ಳಿ" ಎಂದರು. ಅವರ ಗಂಡ ಬುತ್ತಿ ಕಟ್ಟಿಕೊಟ್ಟ. ದಾರಿಯುದ್ದಕ್ಕೂ ಅರ್ಧಕ್ಕೆ ಇಳಿದುಬಿಡೋಣ ಎಂದುಕೊಂಡೆ. ಎರಡು ಸಲ ಎದ್ದೂ ನಿಂತೆ. ಪಕ್ಕದವರು ಕಿಟಕಿ ಸೀಟು ಬೇಕಾ ಎಂದು ಕೇಳಿದರು, ಕೂತುಕೊಂಡೆ.

ಕರಾರಿಗೆ ನಿನ್ನ ಎದುರಿಗೇ ಸಹಿ ಹಾಕುತ್ತೇನೆ. ಎಷ್ಟು ಕುಗ್ಗುತ್ತದೋ ಕುಗ್ಗಲಿ.

ಈಗ ಇಲ್ಲೊಂದು ಪೇಚಾಟ. ಗೇಟಿನವರು ದೊಡ್ಡ ಪುಸ್ತಕ ಮುಂದಿಟ್ಟು ಎಲ್ಲ ತುಂಬಿ ಎಂದರು. ಹೆಸರು ಬರೆದೆ, ಮೂರು ಸಾಲು ಹಿಡಿಯಿತು. ಮನೆ ನಂಬರು ಬರೆದೆ. ಯಾರನ್ನು ನೋಡಲು ಎಂಬಲ್ಲಿ "ಹೆಂಡತಿ" ಎಂದು ಬರೆದೆ. ಬಂದ ಸಮಯವನ್ನು ಅವರೇ ಹಾಕಿದರು. ಕೊನೆಯದು, ಹೊರಗೆ ಹೋಗುವ ಸಮಯ. ಅದನ್ನು ಬರೆದಿಲ್ಲ. "ಅಂದಾಜು ಒಂದು ಟೈಮ್ ಹಾಕಿ ಸರ್, ಖಾಲಿ ಬಿಡೋ ಹಾಗಿಲ್ಲ" ಎಂದು ಪಟ್ಟು ಹಿಡಿದಿದ್ದಾರೆ. ನಾನು ಬರೆಯುವುದಿಲ್ಲ ಎನ್ನುತ್ತಿದ್ದೇನೆ.

ನೀನೇ ಇಳಿದು ಬಂದು ಇವರಿಗೆ ಹೇಳು.